ಮೇಲಿನ ಮನೆಯ ನೀರು, ಕೆಳಗಿನ ಮನೆಯ ಗೋಡೆ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪೂಜಾವಿಧಿಯನ್ನೋ, ಮಕ್ಕಳ ವಿದ್ಯೆ-ವಿವಾಹಗಳನ್ನೋ, ಮನೆತನದ ಪಾಲುಪಾರೀಕತ್ತನ್ನೋ ಕುರಿತು ನಮ್ಮ ಅಭಿಪ್ರಾಯವನ್ನು ಬಯಸುವಂಥವು. ಈ ತಿಂಗಳು ಬಂದಿರುವ ಪತ್ರವೊಂದು ಬೇರೆಯೇ ಬಗೆಯದಾಗಿದೆ. ಮಲೆನಾಡಿನ ಊರೊಂದರ ವಯೋವೃದ್ಧ ತಾಯಿಯೊಬ್ಬರು ಮೊಮ್ಮಗಳ ಕೈಯಿಂದ ಬರೆಸಿ ಕಳುಹಿಸಿದ್ದಾರೆ. ಅವರಿಗೆ ಇಬ್ಬರು ಗಂಡುಮಕ್ಕಳು. ಗುಡ್ಡದ ಓರೆಯಲ್ಲಿರುವ ಮನೆಯಡಿ ಪಾಲಾಗಿ ಮೇಲಿನ ಮನೆ ಕಿರಿಯರಿಗೆ, ಕೆಳಗಿನದು ಹಿರಿಯರಿಗೆ ಬಂದಿದೆ. ಬೆಂಗಳೂರಿನಲ್ಲಿ ದುಡಿದು ಊರಿಗೆ ಮರಳಿರುವ ಕಿರಿಯರು ತಮ್ಮ ಹಿತ್ತಲಿನ ಇಳಿಜಾರಿನಲ್ಲಿ ಈಜುಕೊಳ ಕಟ್ಟಿಸಲು ಹೊರಟಿದ್ದಾರೆ. ಜೆಸಿಬಿ ಬರುವ ದಿನವೂ ಗೊತ್ತಾಗಿದೆ. ಹಿರಿಯರು ತಮ್ಮನೊಡನೆ ಮಾತು ಬಿಟ್ಟಿದ್ದಾರೆ. "ಇದು ಆಡಂಬರವಲ್ಲವೇ? ತಾವು ಒಂದು ಮಾತು ಬರೆದರೆ ಅವನು ಕೇಳಿಯಾನು" ಎಂಬುದು ಆ ತಾಯಿಯ ಬಿನ್ನಹ.

ತಾಯಿಯವರು ಕ್ಷಮಿಸಬೇಕು. ಆಡಂಬರದ ಪ್ರಶ್ನೆಗೆ ನಾವು ಅಷ್ಟು ಸುಲಭವಾಗಿ ಹೌದೆನ್ನಲಾರೆವು. ಕೊಳ ತೋಡುವುದು ನಮ್ಮ ಜನಕ್ಕೆ ಪರಕೀಯವಾದ ಕೆಲಸವಲ್ಲ. ಸೊನ್ನಲಿಗೆಯ ಸಿದ್ಧರಾಮರು ತೋಡಿಸಿದ ಕೆರೆಯ ನಡುವೆ ಇಂದಿಗೂ ಸೊಲ್ಲಾಪುರದ ದೇವಾಲಯ ನಿಂತಿರುವುದನ್ನು ಕಂಡು ಬಂದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅದು ಊರಿಗಾಗಿ ಆದದ್ದು, ಇದು ಒಂದು ಮನೆಗಾಗಿ ಎಂಬ ಭೇದವಿದೆ, ನಿಜ. ಆದರೂ ಮೊಮ್ಮಕ್ಕಳು ಈಜು ಕಲಿಯುವುದು ದೋಷವೆಂದು ಯಾವ ಬಾಯಿಂದ ಹೇಳೋಣ? ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ನಾವೂ ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿಕೊಂಡು ಕಲ್ಯಾಣಿಗೆ ಧುಮುಕಿದವರೇ.

ಪತ್ರದ ಕೊನೆಯಲ್ಲಿ, ಸಹಿಗೂ ಮುನ್ನ, ಸಣ್ಣದಾಗಿ ಬರೆದ ಒಂದು ವಾಕ್ಯವಿದೆ: "ಗೋಡೆ ಜರಿದರೆ ನಮ್ಮ ಅಡಿಗೆಮನೆಯ ಮೇಲೇ ಬೀಳುತ್ತದೆ ಎಂದು ದೊಡ್ಡವನು ಅನ್ನುತ್ತಾನೆ." ನಮ್ಮ ದೃಷ್ಟಿಯಲ್ಲಿ ಪತ್ರದ ಸಾರವೆಲ್ಲ ಆ ವಾಕ್ಯದಲ್ಲಿಯೇ ಇದೆ. ಅಣ್ಣನಾದವರದು ಅಸೂಯೆಯಲ್ಲ, ಭಯ. ಆ ಭಯಕ್ಕೆ ಆಧಾರವಿದೆಯೇ ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತ. ನಾವು ಇಂಜಿನಿಯರರಲ್ಲ. ಆದರೆ ಮಠದ ಕಟ್ಟಡ, ಪ್ರಸಾದನಿಲಯ, ಕಲ್ಯಾಣಿಯ ಜೀರ್ಣೋದ್ಧಾರ ಮುಂತಾದ ಕಾರ್ಯಗಳಲ್ಲಿ ಮೇಸ್ತ್ರಿಗಳ ಮತ್ತು ಇಂಜಿನಿಯರರ ಮಗ್ಗುಲಲ್ಲಿ ವರ್ಷಗಟ್ಟಲೆ ನಿಂತು ಕೇಳಿ ತಿಳಿದದ್ದುಂಟು. ಅದನ್ನೇ ಇಲ್ಲಿ ನಿವೇದಿಸುತ್ತೇವೆ.

ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ೧.೩ ಮೀಟರ್ ಆಳದ ಒಂದು ಸಾಧಾರಣ ಕೊಳವನ್ನು ಊಹಿಸಿಕೊಳ್ಳೋಣ. ಅದರಲ್ಲಿ ೪೧,೬೦೦ ಲೀಟರ್ ನೀರು ಹಿಡಿಯುತ್ತದೆ. ತೂಕ ಹತ್ತಿರ ಹತ್ತಿರ ೪೨ ಟನ್. ಈ ಸಂಖ್ಯೆಯನ್ನು ಕೇಳಿದೊಡನೆ ಕೆಳಗಿನ ಮನೆಯವರ ಎದೆ ನಡುಗುವುದು ಸಹಜ. ಆದರೆ ಅಷ್ಟೇ ಜಾಗದಿಂದ ಅಗೆದು ತೆಗೆದ ಹಸಿ ಮಣ್ಣು ಎಪ್ಪತ್ತು ಟನ್ನಿಗೂ ಮಿಗಿಲಾಗಿ ತೂಗುತ್ತದೆ. ಆದ್ದರಿಂದ ಮೂಲ ನೆಲವನ್ನೇ ಅಗೆದು ಅದರೊಳಗೇ ಕೂರಿಸಿದ ಕೊಳ ಗುಡ್ಡದ ಮೇಲೆ ಹೊಸ ಭಾರವನ್ನು ಹೇರುವುದಿಲ್ಲ. ಇದ್ದ ಭಾರವನ್ನು ತುಸು ಇಳಿಸುತ್ತದೆ. ಅಪಾಯವಿರುವುದು ನೀರಿನ ತೂಕದಲ್ಲಿ ಅಲ್ಲ ಎಂಬುದನ್ನು ಹಿರಿಯ ಸಹೋದರರು ಗಮನಿಸಬೇಕು. ಎಲ್ಲಿದೆ ಎಂಬುದನ್ನು ಕಿರಿಯರು ಗಮನಿಸಬೇಕು.

ಇಳಿಜಾರಿನಲ್ಲಿ ಸಮತಟ್ಟು ಮಾಡುವ ಸುಲಭೋಪಾಯ ಎಲ್ಲರಿಗೂ ಗೊತ್ತಿದೆ. ಮೇಲ್ಭಾಗದ ಮಣ್ಣನ್ನು ಕಡಿದು ಕೆಳಭಾಗಕ್ಕೆ ಸುರಿಯುವುದು. ಯಂತ್ರ ಅರ್ಧ ದಿನದಲ್ಲಿ ಮುಗಿಸಿಕೊಡುತ್ತದೆ, ಮಣ್ಣು ಸಾಗಿಸುವ ಬಾಡಿಗೆಯೂ ಉಳಿಯುತ್ತದೆ. ಈ ಉಳಿತಾಯವೇ ಮುಂದಿನ ಅನರ್ಥಗಳಿಗೆ ಮೂಲ. ಹೀಗೆ ಮಾಡಿದ ತಟ್ಟಿನ ಮೇಲೆ ಕೊಳ ಕಟ್ಟಿದರೆ ಅದರ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ಸಡಿಲ ಮಣ್ಣಿನ ಮೇಲೆ ಕುಳಿತಂತಾಯಿತು. ಗಟ್ಟಿ ನೆಲ ಕುಸಿಯದು. ಭರ್ತಿ ಮಣ್ಣು ಒಂದೆರಡು ಮಳೆಗಾಲಗಳಲ್ಲಿ ತಗ್ಗಿಯೇ ತಗ್ಗುತ್ತದೆ. ಆಗ ಎರಡೂ ಕೂಡುವ ರೇಖೆಯಲ್ಲಿ ಕೊಳ ಬಿರುಕು ಬಿಡುತ್ತದೆ. ಬಿರುಕಿನಿಂದ ಒಸರಿದ ನೀರು ಅದೇ ಸಡಿಲ ಮಣ್ಣನ್ನು ಇನ್ನಷ್ಟು ನೆನೆಸುತ್ತದೆ. ಮನೆಯವರಿಗೆ ಕಾಣುವುದು ಹಂಚಿನ ಮೇಲಿನ ಕೂದಲೆಳೆಯ ಗೆರೆ ಮಾತ್ರ.

ಭರ್ತಿ ಅನಿವಾರ್ಯವಾದರೆ ಅದಕ್ಕೊಂದು ಕ್ರಮವಿದೆ. ಹುಲ್ಲು, ಬೇರು, ಮೇಲ್ಪದರದ ಕಪ್ಪು ಮಣ್ಣು ಇವನ್ನೆಲ್ಲ ಮೊದಲು ತೆಗೆಯಬೇಕು. ಓರೆ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೊಸ ಮಣ್ಣಿಗೆ ಹಿಡಿತ ಕೊಡಬೇಕು. ಗೇಣುದ್ದಕ್ಕಿಂತ ಹೆಚ್ಚಿಲ್ಲದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿಯೊಂದು ಪದರವನ್ನೂ ದಮ್ಮಸು ಮಾಡಬೇಕು. ಇಷ್ಟಾದರೂ ಕೊಳದ ತಳವನ್ನು ಭರ್ತಿಯ ಮೇಲೆ ಇಡದೆ, ಕೊಳವನ್ನು ಪೂರ್ತಿಯಾಗಿ ಗಟ್ಟಿ ನೆಲದೊಳಗೆ ಕೂರಿಸಿ, ಸುತ್ತಲಿನ ಕಟ್ಟೆಯನ್ನು ಮಾತ್ರ ಭರ್ತಿಯ ಮೇಲೆ ತರುವುದೇ ಕ್ಷೇಮ. ಅಗೆದ ಮಣ್ಣು ಸಡಿಲಾಗಿ ಕಾಲು ಭಾಗದಷ್ಟು ಉಬ್ಬುತ್ತದೆ. ಅದನ್ನು ಲಾರಿಯಲ್ಲಿ ಹೊರಗೆ ಸಾಗಿಸಬೇಕೇ ಹೊರತು ಬೇಲಿಯಾಚೆಯ ಓರೆಗೆ ಉರುಳಿಸಬಾರದು. ಮೊದಲ ದೊಡ್ಡ ಮಳೆಗೆ ಕೆಳಗಿಳಿಯುವುದು ಆ ರಾಶಿಯೇ.

ಇನ್ನು ಕೊಳದ ದಿಕ್ಕು. ಇದು ವಾಸ್ತುವಿನ ಮಾತಲ್ಲ, ಲೆಕ್ಕದ ಮಾತು. ಐದು ಮೀಟರ್ ನಡೆದರೆ ಒಂದು ಮೀಟರ್ ಇಳಿಯುವ ಹಿತ್ತಲು ಎಂದಿಟ್ಟುಕೊಳ್ಳಿ. ಕೊಳದ ಉದ್ದವನ್ನು ಗುಡ್ಡದ ಅಡ್ಡಕ್ಕೆ ಇಟ್ಟರೆ, ನಾಲ್ಕು ಮೀಟರ್ ಅಗಲಕ್ಕೆ ಎರಡು ಕಡೆಯ ಓಡಾಟದ ಕಟ್ಟೆ ಸೇರಿ ಏಳು ಮೀಟರ್ ಸಮತಟ್ಟು ಬೇಕು. ಎತ್ತರದ ವ್ಯತ್ಯಾಸ ೧.೪ ಮೀಟರ್. ಮೇಲಿನ ಕಿಟಕಿಯಿಂದ ನೋಟ ಚೆನ್ನಾಗಿರಲೆಂದು ಉದ್ದವನ್ನು ಇಳಿಜಾರಿನ ಗುಂಟ ಇಟ್ಟರೆ ಹನ್ನೊಂದು ಮೀಟರ್ ಬೇಕು, ವ್ಯತ್ಯಾಸ ೨.೨ ಮೀಟರ್. ಹೆಚ್ಚಿದ್ದು ಎಂಟುನೂರು ಮಿಲಿಮೀಟರ್ ತಾನೇ ಎನ್ನಬೇಡಿ. ತಡೆಗೋಡೆಯ ಮೇಲಿನ ಒತ್ತಡ ಎತ್ತರದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ. ಎತ್ತರ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಮಡಿ. ಇಲ್ಲಿ ಎರಡನೆಯ ಗೋಡೆ ಮೊದಲನೆಯದಕ್ಕಿಂತ ಸುಮಾರು ಎರಡೂವರೆ ಪಟ್ಟು ಬಲವನ್ನು ತಡೆಯಬೇಕಾಗುತ್ತದೆ. ಒಂದು ಕಿಟಕಿಯ ನೋಟಕ್ಕಾಗಿ ಇಷ್ಟು ಬೆಲೆಯೇ ಎಂದು ಯಜಮಾನರು ಯೋಚಿಸಲಿ.

ನಮ್ಮ ಪೂರ್ವಿಕರಿಗೆ ಈ ಸೂತ್ರ ಅಕ್ಷರರೂಪದಲ್ಲಿ ಗೊತ್ತಿತ್ತೋ ಇಲ್ಲವೋ, ಅವರ ಕೈಗೆ ಗೊತ್ತಿತ್ತು. ಸೂಡಿಯ ನಾಗಕುಂಡವನ್ನಾಗಲಿ, ಮೇಲುಕೋಟೆಯ ಬೆಟ್ಟದಡಿಯ ಕಲ್ಯಾಣಿಯನ್ನಾಗಲಿ, ೧೯೮೦ರ ದಶಕದ ಉತ್ಖನನದಲ್ಲಿ ಹಂಪೆಯ ಅರಮನೆ ಆವರಣದಿಂದ ಹೊರಬಂದ ಕಪ್ಪುಕಲ್ಲಿನ ಪುಷ್ಕರಣಿಯನ್ನಾಗಲಿ ನೋಡಿರಿ. ಒಂದೇ ಎತ್ತರದ ನೇರ ಗೋಡೆಯ ಬದಲು ಮೆಟ್ಟಿಲುಗಳ ಸಾಲು. ಪ್ರತಿಯೊಂದು ಮೆಟ್ಟಿಲೂ ಮೊಳದೆತ್ತರದ ಒಂದು ತಡೆಗೋಡೆ. ಅದರ ಹೊರೆ ಅದಕ್ಕೆ ಹಗುರ. ಇಳಿಯುವ ಭಕ್ತರಿಗೆ ಅದು ಸೋಪಾನ, ಹಿಂದಿನ ಮಣ್ಣಿಗೆ ಅದು ಆಸರೆ. ಮಲೆನಾಡಿನ ಗದ್ದೆಗಳ ಸಾಲು ಹಾಳಿಗಳೂ ಇದೇ ನ್ಯಾಯದವು. ಕಿರಿಯರ ಹಿತ್ತಲಿನಲ್ಲಿಯೂ ಒಂದೇ ಎತ್ತರದ ಗೋಡೆಗೆ ಬದಲಾಗಿ, ನಡುವೆ ಸಾಕಷ್ಟು ಅಂತರ ಬಿಟ್ಟು ಎರಡು ಗಿಡ್ಡ ಗೋಡೆಗಳನ್ನು ಕಟ್ಟಬಹುದು. ಅಂತರ ಕಡಿಮೆಯಾದರೆ ಮೇಲಿನ ಗೋಡೆಯ ಭಾರ ಕೆಳಗಿನದರ ಮೇಲೆಯೇ ಬೀಳುವುದರಿಂದ, ಎಷ್ಟು ಬಿಡಬೇಕೆಂಬುದನ್ನು ಲೆಕ್ಕ ಬಲ್ಲವರೇ ಗೊತ್ತುಮಾಡಬೇಕು.

ಗೋಡೆಯನ್ನು ಕೆಡಹುವುದು ಬಹುಮಟ್ಟಿಗೆ ಮಣ್ಣಲ್ಲ, ಗೋಡೆಯ ಹಿಂದೆ ನಿಂತ ನೀರು. ಚೆನ್ನಾಗಿ ಬಸಿಯುವ ಮಣ್ಣು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ಮಾತ್ರ ಅಡ್ಡಲಾಗಿ ಒತ್ತುತ್ತದೆ. ನೀರಿಗೆ ಆ ದಾಕ್ಷಿಣ್ಯವಿಲ್ಲ. ಅದು ಕೆಳಗೆಷ್ಟೋ ಪಕ್ಕಕ್ಕೂ ಅಷ್ಟೇ ಒತ್ತುತ್ತದೆ. ಬಸಿಯಲು ದಾರಿಯಿಲ್ಲದೆ ನೀರು ತುಂಬಿಕೊಂಡರೆ ಗೋಡೆಯ ಮೇಲಿನ ಒತ್ತಡ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತೆ ನಿಂತಿದ್ದ ಗೋಡೆ ಆಷಾಢ-ಶ್ರಾವಣಗಳಲ್ಲಿ ಮಲಗುವುದು ಇದರಿಂದಲೇ. ಆದ್ದರಿಂದ ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪದ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಕೆಸರು ತಡೆಯುವ ಶೋಧಕ ಬಟ್ಟೆ, ತಳದಲ್ಲಿ ತೂತಿನ ಕೊಳವೆ, ಗೋಡೆಯ ಮೈಯಲ್ಲಿ ನೀರು ಬಸಿಯುವ ಕಿಂಡಿಗಳು ಇರಲೇಬೇಕು. ಗೋಡೆ ಕುರೂಪವಾಗಿ ಕಾಣುತ್ತದೆಂದು ಈ ಕಿಂಡಿಗಳಿಗೆ ಸಿಮೆಂಟು ಮೆತ್ತಿದ ಮನೆಗಳನ್ನು ನಾವು ನೋಡಿದ್ದೇವೆ. ಕಿಂಡಿಯಿಂದ ನೀರು ತೊಟ್ಟಿಕ್ಕುವುದು ಗೋಡೆಯ ಆರೋಗ್ಯದ ಲಕ್ಷಣ.

ಕೊಳಕ್ಕೂ ಇದೇ ಸಂಕಟವುಂಟು. ಹಳೆಯ ಕಲ್ಯಾಣಿಗಳ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿದ್ದಲ್ಲಿ ನೆಲದ ನೀರು ಸಂದುಗಳ ಮೂಲಕ ಒಳಗೂ ಹೊರಗೂ ಆಡುತ್ತಿತ್ತು. ಈಗಿನ ಕಾಂಕ್ರೀಟು ಕೊಳ ಹನಿಯೂ ಸೋರದ ಪಾತ್ರೆ. ಮಳೆಗಾಲದಲ್ಲಿ ಸುತ್ತಲಿನ ನೆಲ ನೀರುಂಡಿರುವಾಗ ಅದನ್ನು ತೊಳೆಯಲೆಂದು ಖಾಲಿ ಮಾಡಿದರೆ, ಹೊಂಡದಲ್ಲಿ ಒತ್ತಿ ಹಿಡಿದ ಖಾಲಿ ಕೊಳಗ ಮೇಲೇಳುವಂತೆ ಕೊಳವೇ ಮೇಲೆದ್ದು ಬಿರುಕು ಬಿಡುವುದುಂಟು. ಗುಡ್ಡದ ಮೇಲಿನಿಂದ ನೆಲದೊಳಗೆ ನೀರು ಇಳಿದು ಬರುತ್ತಲೇ ಇರುವ ಹಿತ್ತಲಿನಲ್ಲಿ ಈ ಭಯ ಹೆಚ್ಚು. ತಳದ ಅಡಿಯಲ್ಲಿ ಜಲ್ಲಿಯ ಹಾಸು, ಅದರಿಂದ ಕೆಳಕ್ಕೆ ಬಸಿ ಕೊಳವೆ, ತಳದಲ್ಲಿ ಒತ್ತಡ ಬಿಡುವ ಕವಾಟ ಇವು ಮೂರನ್ನೂ ಮೊದಲೇ ಇಡಬೇಕು. ಮಳೆಗಾಲದಲ್ಲಿ ಕೊಳವನ್ನು ಬರಿದು ಮಾಡಲೇಬಾರದು. ನೀರು ಹಿಡಿದಿಡುವ ಕಾಂಕ್ರೀಟು ಕಟ್ಟಡಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. ೩೩೭೦ ಎಂಬ ಸಂಹಿತೆಯಿದೆ. ಗುತ್ತಿಗೆದಾರರು ಅದರ ಹೆಸರನ್ನೇ ಕೇಳಿಲ್ಲವೆಂದರೆ ಬೇರೊಬ್ಬರನ್ನು ಹುಡುಕುವುದು ಒಳಿತು.

ಮಲೆನಾಡಿನ ಮಣ್ಣಿನ ಬಗೆಗೂ ಎರಡು ಮಾತು ಅಗತ್ಯ. ಹಲವೆಡೆ ಮೇಲೆ ಗಟ್ಟಿಯಾದ ಜಂಬಿಟ್ಟಿಗೆ ಇರುತ್ತದೆ, ಅದರಡಿಯಲ್ಲಿ ಬಿಳಿ-ಹಳದಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಗುದ್ದಲಿಗೂ ಜಗ್ಗದ ಈ ಶೇಡಿ ನೀರು ಕುಡಿದೊಡನೆ ಬಲಗುಂದಿ ಜಾರುತ್ತದೆ. ಮೇಲಿನ ಗಟ್ಟಿ ಪದರವನ್ನು ಯಂತ್ರ ಕಡಿದು ಶೇಡಿಯನ್ನು ಮಳೆಗೆ ತೆರೆದಿಟ್ಟರೆ ಮುಂದಿನದನ್ನು ಹೇಳಬೇಕಾಗಿಲ್ಲ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆಗಳಲ್ಲಿ ಗುಡ್ಡಗಳು ಇಳಿದಾಗ, ಅತಿವೃಷ್ಟಿಯ ಜೊತೆಗೆ ರಸ್ತೆ-ಮನೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದವರು ಹೇಳಿದರು. ೨೦೨೪ರ ಜುಲೈ ಒಂದೇ ತಿಂಗಳಲ್ಲಿ ಅಂಕೋಲೆಯ ಶಿರೂರನ್ನೂ ವಯನಾಡಿನ ಮುಂಡಕ್ಕೈ-ಚೂರಲ್‌ಮಲೆಗಳನ್ನೂ ಕಂಡೆವು. ಒಂದು ಈಜುಕೊಳದಿಂದ ಅಂಥ ಅನಾಹುತವಾಗುತ್ತದೆಂದು ನಾವು ಹೇಳುತ್ತಿಲ್ಲ. ಆ ವಾರ್ತೆಗಳನ್ನು ಓದಿದ ಅಣ್ಣನೊಬ್ಬ ತನ್ನ ಅಡಿಗೆಮನೆಯ ಮೇಲ್ಗಡೆ ಜೆಸಿಬಿ ಸದ್ದು ಕೇಳಲಿರುವ ದಿನವನ್ನು ನೆನೆದು ರಾತ್ರಿ ನಿದ್ದೆಗೆಟ್ಟರೆ ಅದನ್ನು ಮತ್ಸರವೆನ್ನಬಾರದು ಎಂದಷ್ಟೇ ನಮ್ಮ ಮಾತು. (ಬಯಲುಸೀಮೆಯ ಓದುಗರಿಗೂ ಒಂದು ಸೂಚನೆ: ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಸಮತಟ್ಟಾದ ಹಿತ್ತಲಿನಲ್ಲೂ ಕೊಳ ಒಡೆಯುತ್ತದೆ. ಅದರ ಚಿಕಿತ್ಸೆಯೇ ಬೇರೆ.)

ಇಂಗುಗುಂಡಿಯ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಮಳೆನೀರನ್ನು ನೆಲಕ್ಕೆ ಇಂಗಿಸಿರೆಂದು ನಾವೇ ಈ ಪುಟದಲ್ಲಿ ಬರೆದದ್ದುಂಟು. ಬಯಲಿಗೆ ಅದು ಸರಿ. ಕಡಿದ ಇಳಿಜಾರಿನ ಮೇಲ್ಗಡೆ, ತಡೆಗೋಡೆಯ ನೆತ್ತಿಯ ಮೇಲೆ ಅದು ಸಲ್ಲದು. ಅಲ್ಲಿ ಮೇಲಿನ ನೀರನ್ನು ಕೊಳ ಮುಟ್ಟುವ ಮುನ್ನವೇ ಹಿಡಿದು ಪಕ್ಕಕ್ಕೆ ಸಾಗಿಸುವ ಕಲ್ಲು ಹಾಸಿದ ಅಡ್ಡಗಾಲುವೆ ಬೇಕು.

ಹೀಗೆ ಅಡ್ಡಗಾಲುವೆಯ ನೀರು, ಗೋಡೆಯ ಬೆನ್ನಿನ ನೀರು, ತಳದ ಬಸಿನೀರು, ಕೊಳದ ಶೋಧಕವನ್ನು ತೊಳೆದ ಕ್ಲೋರಿನ್ ಬೆರೆತ ನೀರು ಇವೆಲ್ಲ ಎಲ್ಲಿಗೆ ಹೋಗಬೇಕು? ಕ್ಲೋರಿನ್ ನೀರನ್ನು ಹಳ್ಳಕ್ಕೆ ನೇರವಾಗಿ ಬಿಟ್ಟರೆ ಮೀನಿಗೂ ಕಪ್ಪೆಗೂ ಕೇಡು. ಅದನ್ನು ಪ್ರತ್ಯೇಕ ತೊಟ್ಟಿಯಲ್ಲಿ ಕೆಲವು ದಿನ ಬಿಸಿಲಿಗೆ ಇಟ್ಟು ಕ್ಲೋರಿನ್ ಹೋದ ಮೇಲೆ ಬಿಡಬೇಕು. ಉಳಿದ ನೀರು ಗುಡ್ಡದ ಕೆಳಗಿನ ಹಳ್ಳ ಸೇರಬೇಕು. ತಾಯಿಯವರು ಪತ್ರದೊಡನೆ ಕಳುಹಿಸಿದ ನಕ್ಷೆಯನ್ನು ನೋಡಿದರೆ, ಹಳ್ಳಕ್ಕಿರುವ ದಾರಿ ಒಂದೇ. ಅದು ಅಣ್ಣನ ಅಂಗಳದ ಪಕ್ಕದಲ್ಲಿ ಹಾದುಹೋಗುತ್ತದೆ. ಅಂದರೆ ಅಣ್ಣನ ಒಪ್ಪಿಗೆಯಿಲ್ಲದೆ ತಮ್ಮ ಕೊಳ ಕಟ್ಟಬಹುದು. ಕ್ಷೇಮವಾದ ಕೊಳ ಕಟ್ಟಲಾಗದು.

ಇದು ಸೌಜನ್ಯದ ಮಾತಷ್ಟೇ ಅಲ್ಲ, ನ್ಯಾಯದ ಮಾತೂ ಹೌದು. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ರೈಲೆಂಡ್ಸ್ ಎಂಬ ಗಿರಣಿ ಮಾಲೀಕರು ೧೮೬೦ರಲ್ಲಿ ತಮ್ಮ ನೆಲದಲ್ಲಿ ಜಲಾಶಯ ಕಟ್ಟಿಸಿದರು. ಕಟ್ಟಿದವರು ಇಂಜಿನಿಯರರು, ಗುತ್ತಿಗೆದಾರರು. ಮಾಲೀಕರ ಕೈಯಿಂದ ಲೋಪವೇನೂ ಆಗಿರಲಿಲ್ಲ. ನೆಲದಡಿಯ ಹಳೆಯ ಗಣಿಬಾವಿಗಳ ಮೂಲಕ ನೀರು ನುಗ್ಗಿ ನೆರೆಯ ಫ್ಲೆಚರ್ ಎಂಬವರ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ೧೮೬೮ರಲ್ಲಿ ಅಲ್ಲಿಯ ಉಚ್ಚ ನ್ಯಾಯಪೀಠ ರೈಲೆಂಡ್ಸರೇ ಹೊಣೆ ಎಂದಿತು. ಸಹಜವಾಗಿ ಇರದ ನೀರನ್ನು ತನಗಾಗಿ ಕೂಡಿಹಾಕಿದವನು ಅದು ಹೊರನುಗ್ಗಿದಾಗ, ತಾನು ತಪ್ಪು ಮಾಡಿಲ್ಲವೆಂದು ಜಾರಿಕೊಳ್ಳಲಾಗದು. ನಮ್ಮ ದೇಶದ ನ್ಯಾಯಾಲಯಗಳೂ ಈ ತೀರ್ಪನ್ನು ಗಣಿಸುತ್ತ ಬಂದಿವೆ. "ಗುತ್ತಿಗೆದಾರನಿಗೆ ವಹಿಸಿದ್ದೇನೆ, ಅವನು ನೋಡಿಕೊಳ್ಳುತ್ತಾನೆ" ಎಂಬ ಕಿರಿಯರ ಮಾತು ಪತ್ರದಲ್ಲಿ ಎರಡು ಬಾರಿ ಬಂದಿರುವುದರಿಂದ ಇದನ್ನು ಬರೆಯಬೇಕಾಯಿತು.

ಚಿರಂಜೀವಿ ಕಿರಿಯರೇ, ತಾವು ಮಾಡಬೇಕಾದದ್ದು ಇಷ್ಟು. ಜೆಸಿಬಿಯವರಿಗೆ ಬರಬೇಡಿರೆಂದು ಹೇಳಿ ಕಳುಹಿಸಿರಿ. ಕಟ್ಟಡಗಳ ಬಲವನ್ನು ಲೆಕ್ಕಹಾಕುವ ಇಂಜಿನಿಯರರನ್ನೂ ಮಣ್ಣು ಪರೀಕ್ಷಿಸುವವರನ್ನೂ ಸ್ಥಳಕ್ಕೆ ಕರೆಸಿರಿ. ಅವರು ಬರುವ ದಿನ ಅಣ್ಣನವರನ್ನೂ ಮೇಲಕ್ಕೆ ಕರೆಯಿರಿ. ಆಳು ಕಳುಹಿಸದೆ ತಾವೇ ಹೋಗಿ ಕರೆಯಿರಿ. ಗೋಡೆ ಮತ್ತು ಕಾಲುವೆಗಳಿಗೆ ತಗಲುವ ವೆಚ್ಚ ಕೊಳದ ವೆಚ್ಚಕ್ಕೆ ಸರಿಸಮನಾಗಿ ಬಂದರೆ ಆಶ್ಚರ್ಯಪಡಬೇಡಿರಿ. ಕೈಯಲ್ಲಿರುವ ಹಣ ಅದಕ್ಕೆ ಸಾಲದಿದ್ದರೆ ಕೊಳವನ್ನು ಕಿರಿದು ಮಾಡಿರಿ. ಗೋಡೆಯನ್ನು ಕಿರಿದು ಮಾಡಬೇಡಿರಿ. ಊರಿನ ಕುಡಿಯುವ ನೀರಿಗೆ ಕೈಹಾಕದೆ ಮಾಡಿನ ಮಳೆನೀರಿನಿಂದ ಕೊಳವನ್ನು ತುಂಬಿಕೊಳ್ಳುವ ಅನುಕೂಲ ತಮ್ಮ ಸೀಮೆಯಲ್ಲಿದೆ. ೨೦೨೪ರ ಮಾರ್ಚಿನ ಬರದಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಿದವರಿಗೆ ಐದು ಸಾವಿರ ರೂಪಾಯಿ ದಂಡ ವಿಧಿಸುವುದಾಗಿ ಸಾರಿದ್ದು ತಮಗೆ ನೆನಪಿರಬಹುದು.

ಹಿರಿಯರೇ, ಇಂಜಿನಿಯರರು ಒಪ್ಪಿ, ಬಸಿನೀರಿಗೆ ತಮ್ಮ ಪಕ್ಕದಲ್ಲಿ ಎರಡು ಅಡಿ ದಾರಿ ಬೇಕೆಂದು ಕೇಳಿದರೆ, ಪಾಲುಪತ್ರವನ್ನು ಹೊರತೆಗೆಯದೆ ಕೊಡಿರಿ. ಆ ಕೊಳವೆ ತಮ್ಮ ಮನೆಯನ್ನು ಕಾಯುವಂಥದು. ನಕ್ಷೆಯ ಒಂದು ಪ್ರತಿ ತಮ್ಮ ಬಳಿಯೂ ಇರಲಿ. ಯಾವ ಕಿಂಡಿ ಎಲ್ಲಿದೆ, ಮಳೆಯಲ್ಲಿ ಯಾವುದು ಹರಿಯುವುದು ನಿಂತಿದೆ ಎಂಬುದು ಮೇಲಿನವರಿಗಿಂತ ಕೆಳಗಿನವರಿಗೇ ಮೊದಲು ಕಾಣುತ್ತದೆ.

ಮನೆಯಲ್ಲಿ ಚಿಕ್ಕಮಕ್ಕಳಿರುವರೆಂದು ಪತ್ರದಿಂದ ತಿಳಿಯಿತು. ಮುಳುಗುವ ಮಗು ಕೂಗುವುದಿಲ್ಲ. ಸದ್ದಿಲ್ಲದೆ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದಿರುತ್ತದೆ. ಕೊಳಕ್ಕೆ ನಾಲ್ಕೂ ಕಡೆ ನಾಲ್ಕು ಅಡಿಗೆ ಕಡಿಮೆಯಿಲ್ಲದ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಬೇಕು. ಮನೆಯ ಗೋಡೆಯನ್ನೇ ಒಂದು ಬದಿಯ ಬೇಲಿಯೆಂದು ಎಣಿಸಬಾರದು. ಮಗು ಹೊರಗೆ ಬರುವುದು ಹಿತ್ತಲ ಬಾಗಿಲಿನಿಂದಲೇ. ನೀರು ತುಂಬುವ ಮುನ್ನ ಬೇಲಿ ನಿಲ್ಲಲಿ.

ಕಾಮಗಾರಿಯನ್ನು ಮಳೆ ಪೂರ್ತಿ ನಿಂತ ಮೇಲೆ, ಕಾರ್ತಿಕ-ಮಾರ್ಗಶಿರದಲ್ಲಿ ತೊಡಗಿ, ತಡೆಗೋಡೆ ಮತ್ತು ಕಾಲುವೆಗಳನ್ನು ಮೊದಲು ಮುಗಿಸುವುದು. ಸಾಧ್ಯವಿದ್ದರೆ ಅವು ಒಂದು ಮಳೆಗಾಲ ಕಾಣಲಿ. ಕೊಳವನ್ನು ಮರುವರ್ಷ ತೋಡಿದರೂ ನಷ್ಟವಿಲ್ಲ. ನೀರು ತುಂಬಿದ ಮೇಲೆ ಮಳೆಯಿಲ್ಲದ ದಿನಗಳಲ್ಲಿ ತಿಂಗಳಿಗೊಮ್ಮೆ ಒಂದು ಸಣ್ಣ ಪರೀಕ್ಷೆ ಮಾಡಿರಿ. ಕೊಳದ ನೀರನ್ನೇ ಬಕೆಟ್ಟಿಗೆ ತುಂಬಿ, ಕೊಳದ ಮೆಟ್ಟಿಲ ಮೇಲೆ ನೀರಿನಲ್ಲಿ ಮುಕ್ಕಾಲು ಮುಳುಗುವಂತಿಟ್ಟು, ಬಕೆಟ್ಟಿನ ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಒಂದು ಹಗಲು ಒಂದು ರಾತ್ರಿ ಕಳೆದು ನೋಡಿರಿ. ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲು ಕುಡಿದ ನೀರು. ಹೊರಗಿನ ಮಟ್ಟ ಮೂರೇ ಮಿಲಿಮೀಟರ್ ಹೆಚ್ಚು ಇಳಿದಿದ್ದರೂ, ನಾವು ಮೇಲೆ ಹೇಳಿದ ಅಳತೆಯ ಕೊಳದಿಂದ ದಿನಕ್ಕೆ ಸುಮಾರು ನೂರು ಲೀಟರ್ ನೀರು ಗುಡ್ಡದೊಳಗೆ ಇಳಿಯುತ್ತಿದೆ ಎಂದರ್ಥ. ಅಂದೇ ಇಂಜಿನಿಯರರಿಗೂ ಕೆಳಗಿನ ಮನೆಗೂ ತಿಳಿಸಿರಿ.